ಲಿಂಕ್ ಚೆಕರ್‌ಗಳಿಗೇ ಪರೀಕ್ಷೆ ಇಟ್ಟೆ

ಜಯನಗರದ ಒಂದು ಪುಟ್ಟ ಪ್ರಕಾಶನದ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಕೆಟ್ಟುಹೋದ ಲಿಂಕ್‌ಗಳನ್ನು ಹುಡುಕಲು ಒಂದು ಟೂಲ್ ಆರಿಸಬೇಕಿತ್ತು. ಒಂದೇ ಸೈಟಿನ ಮೇಲೆ ಎರಡು ಟೂಲ್ ಓಡಿಸಿದರೆ ಎರಡು ಬೇರೆ ಬೇರೆ ಪಟ್ಟಿ ಬಂತು. ಯಾವುದನ್ನು ನಂಬೋದು? ಸರಿ ಉತ್ತರ ನಮಗೇ ಗೊತ್ತಿಲ್ಲದಿದ್ದರೆ ಟೂಲಿಗೆ ಅಂಕ ಕೊಡೋಕಾಗಲ್ಲ, ಅಲ್ವಾ? ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಒಂದು ಚಿಕ್ಕ ಸೈಟ್ ಕಟ್ಟಿ, ಅದರೊಳಗೆ ಬೇಕಂತಲೇ ತಪ್ಪುಗಳನ್ನು ಇಟ್ಟೆ.

ಸಾದಾ 404, ಅಂದರೆ ‘ಆ ಪುಟ ಇಲ್ಲ’ ಎಂಬ ಸರ್ವರಿನ ಉತ್ತರವನ್ನು, ಎಲ್ಲ ಟೂಲೂ ಹಿಡಿದವು. ಅದೇನು ದೊಡ್ಡ ವಿಷಯವಲ್ಲ. ತಮಾಷೆ ಶುರುವಾಗಿದ್ದು ಆಮೇಲೆ.

ಸಮಯ ಉಳಿಸಲು ಕೆಲವು ಟೂಲ್‌ಗಳು ಇಡೀ ಪುಟ ಕೇಳುವುದಿಲ್ಲ, ಪುಟದ ಮುಂಚೆ ಸರ್ವರ್ ಕಳಿಸುವ ಚುಟುಕು ಮಾಹಿತಿಯನ್ನಷ್ಟೇ (ಹೆಡರ್) ಕೇಳುತ್ತವೆ. ಇದಕ್ಕೆ ಹೆಡ್ ರಿಕ್ವೆಸ್ಟ್ ಅಂತಾರೆ. ಅದನ್ನು ಒಪ್ಪದ ಸರ್ವರ್ 405, ಅಂದರೆ ‘ಹೀಗೆ ಕೇಳುವಂತಿಲ್ಲ’, ಅನ್ನುತ್ತದೆ, ಪುಟ ಮಾತ್ರ ಆರಾಮಾಗಿರುತ್ತದೆ. ಒಳ್ಳೆಯ ಟೂಲ್ ಆಗ ಇಡೀ ಪುಟ ಕೇಳುವ ಗೆಟ್ ರಿಕ್ವೆಸ್ಟ್ ಕಳಿಸಿ ಇನ್ನೊಮ್ಮೆ ನೋಡುತ್ತದೆ. 429 ಬಂದರಂತೂ ಲಿಂಕ್ ಹೋಗಿದೆ ಅಂತಲ್ಲ, ನಾವೇ ಜಾಸ್ತಿ ಅವಸರ ಮಾಡಿದ್ದೇವೆ ಅಂತ.

ಪುಟದೊಳಗಿನ ಒಂದು ಜಾಗಕ್ಕೆ ಕರೆದೊಯ್ಯುವ ಲಿಂಕ್‌ಗಳನ್ನು ಲೈಚಿ ಎಂಬ ಟೂಲ್ ತಾನಾಗಿ ನೋಡುವುದಿಲ್ಲ, ಅದಕ್ಕೆ ಬೇರೆ ಆಯ್ಕೆ ಕೊಡಬೇಕು. ಇನ್ನೊಂದು ಟೂಲ್ ಸ್ಕ್ರೀಮಿಂಗ್ ಫ್ರಾಗ್‌ನ ಉಚಿತ ಆವೃತ್ತಿ 500 ವಿಳಾಸಕ್ಕೆ ನಿಲ್ಲುತ್ತದೆ. ಅದರಲ್ಲಿ ಜಾವಾಸ್ಕ್ರಿಪ್ಟ್ (ಪುಟದೊಳಗಿನ ಪ್ರೋಗ್ರಾಂ) ಓಡಿದ ಮೇಲಷ್ಟೇ ಕಾಣುವ ಲಿಂಕ್ ಬೇಕೆಂದರೆ ದುಡ್ಡು ಕೊಡಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡ ವಿಳಾಸಗಳು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಕಾಪಿ ಮಾಡುವಾಗ ಅದು ಉದುರಿದರೆ ಬ್ರೌಸರಿಗೆ ಅದು ಬೇರೆಯೇ ವಿಳಾಸ. ಟೂಲ್ 404 ಅನ್ನುತ್ತದೆ, ಸರಿಯೇ. ಆದರೆ ವರದಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಒಂಬತ್ತು ಅಕ್ಷರದ ಶೇಕಡಾ ಗುರುತಿನ ಮಾಲೆ! ಸಂಪಾದಕರಿಗೆ ಹಾಗೇ ಕಳಿಸಿದರೆ ಏನು ತಿಳಿಯಬೇಕು? ಕನ್ನಡಕ್ಕೆ ತಿರುಗಿಸುವ ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡೆ.

ಯಾವ ಟೂಲೂ ಹಿಡಿಯದೇ ಹೋಗಿದ್ದು ಒಂದಿದೆ. ‘ಪುಟ ಸಿಗಲಿಲ್ಲ’ ಎಂದು ದೊಡ್ಡದಾಗಿ ಬರೆದು, ಒಳಗಿಂದ 200, ಅಂದರೆ ‘ಎಲ್ಲ ಸರಿ’ ಎಂಬ ಉತ್ತರ, ಕಳಿಸುವ ಸರ್ವರ್. ಟೂಲ್ ಪಾಪ, ಎಲ್ಲ ಸರಿ ಅನ್ನುತ್ತದೆ. ಇದಕ್ಕೆ ನನ್ನ ಉಪಾಯ ಹೀಗಿದೆ. ಅದೇ ಸರ್ವರಿಗೆ ಸುಮ್ನೆ ಬಾಯಿಗೆ ಬಂದ ಒಂದು ವಿಳಾಸ ಕೇಳುತ್ತೇನೆ. ಅದಕ್ಕೂ 200 ಬಂದರೆ ಆ ಸೈಟಿನ ಲಿಂಕ್‌ಗಳನ್ನೆಲ್ಲ ಕೈಯಾರೆ ತೆರೆದು ನೋಡುತ್ತೇನೆ.

ಈಗ ಹೊರಗಿನ ಲಿಂಕ್‌ಗಳಿಗೆ ಲೈಚಿ ಓಡಿಸುತ್ತೇನೆ. ಒಂದು ದಿನ ಕೆಟ್ಟದ್ದು ಮರುದಿನವೂ ಕೆಟ್ಟಿದ್ದರೆ ಮಾತ್ರ ವರದಿಗೆ ಹಾಕುತ್ತೇನೆ. ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಇದ್ದರೆ ಅದರ ವಿಳಾಸವನ್ನೂ ಪಕ್ಕದಲ್ಲೇ ಕೊಡುತ್ತೇನೆ.