ಲಾಡಿಯ ಗೆರೆ ಬಿಡಿ, ಬಿಸಿಲು ತಪ್ಪಿಸಿ: ಇನ್ಸುಲಿನ್ ಪಂಪ್ ದಿನವಿಡೀ ಧರಿಸುವುದು ಹೇಗೆ?

ಮಧುಮೇಹಿಗಳ ಮೈಗೆ ದಿನವಿಡೀ ಸ್ವಲ್ಪಸ್ವಲ್ಪವೇ ಇನ್ಸುಲಿನ್ ಬಿಡುವ ಪುಟ್ಟ ಯಂತ್ರವೇ ಇನ್ಸುಲಿನ್ ಪಂಪ್. ಅದನ್ನು ಹೊಸದಾಗಿ ಹಾಕಿಸಿಕೊಂಡವರ ಮೊದಲ ಪ್ರಶ್ನೆ, ‘ಇದನ್ನು ಎಲ್ಲಿ ಸಿಕ್ಕಿಸಿಕೊಳ್ಳಲಿ?’ ಎಂಬುದು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಕ್ಯಾನ್ಯುಲಾ, ಅಂದರೆ ಪಂಪ್‌ನ ಟ್ಯೂಬಿನ ತುದಿಯಲ್ಲಿದ್ದು ಚರ್ಮದಡಿಗೆ ಇನ್ಸುಲಿನ್ ಬಿಡುವ ತೆಳು ನಳಿಕೆ, ಚುಚ್ಚುವ ಜಾಗ. ಜಾಗ ಸರಿಯಿದ್ದರೆ ಪಂಪ್ ಎಲ್ಲಿಟ್ಟರೂ ನಡೆಯುತ್ತದೆ, ತಪ್ಪಿದರೆ ಎಷ್ಟು ದುಬಾರಿ ಬೆಲ್ಟ್ ತಂದರೂ ಕಿರಿಕಿರಿ ತಪ್ಪದು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬಿಸಿಲು ಮತ್ತು ಬೆವರಿನ ಲೆಕ್ಕವನ್ನೂ ಹಾಕಲೇಬೇಕು.

ಜಾಗ ಗೊತ್ತು ಮಾಡಿಕೊಳ್ಳಿ

ದಿನವೂ ಹಾಕುವ ಬಟ್ಟೆಯಲ್ಲೇ ನಿಂತು ಲಂಗದ ಲಾಡಿ, ಪೈಜಾಮದ ಲಾಡಿ, ಧೋತರದ ಗಂಟು ಅಥವಾ ಬೆಲ್ಟ್ ಕೂರುವ ಗೆರೆಯನ್ನು ಮೈಮೇಲೆ ಪೆನ್ನಿನಿಂದ ಗುರುತು ಮಾಡಿ. ಆಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹೊಟ್ಟೆ ಮಡಿಕೆ ಬೀಳುವಲ್ಲಿ ಇನ್ನೊಂದು ಗೆರೆ ಎಳೆಯಿರಿ. ಈ ಎರಡೂ ಗೆರೆಗಳ ಮೇಲೆ ಕ್ಯಾನ್ಯುಲಾ ಬೇಡ. ಲಾಡಿ ಬಿಗಿದಲ್ಲಿ ಅದು ಮಡಚಿಕೊಂಡು ಇನ್ಸುಲಿನ್ ನಿಲ್ಲುತ್ತದೆ. ನಿಮಿಷ ನಿಮಿಷಕ್ಕೆ ಹೋಗುವ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಪಂಪ್ ಅದನ್ನು ಗುರುತಿಸಿ ಕೂಗಲು ಕೆಲವು ಗಂಟೆಗಳೇ ಹಿಡಿಯಬಹುದು.

ಹೊಕ್ಕುಳಿನಿಂದ 5 ಸೆಂ.ಮೀ. ದೂರವಿರಲಿ. ಹೊಟ್ಟೆಯಲ್ಲದೆ ಪೃಷ್ಠದ ಮೇಲ್ಭಾಗ, ತೊಡೆಯ ಹೊರಬದಿ, ತೋಳಿನ ಹಿಂಬದಿಯೂ ಆದೀತು. ಪ್ರತಿ ಸಲ ಹಿಂದಿನ ಜಾಗದಿಂದ ಕನಿಷ್ಠ 2.5 ಸೆಂ.ಮೀ. ಸರಿಯಿರಿ. ಚೆನ್ನಾಗಿ ಒಗ್ಗಿದೆ ಎಂದು ಒಂದೇ ಕಡೆ ಚುಚ್ಚುತ್ತ ಹೋದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ನೋವೇನೋ ಕಡಿಮೆ, ಆದರೆ ಇನ್ಸುಲಿನ್ ಒಂದು ದಿನ ಹೀರಿದಂತೆ ಇನ್ನೊಂದು ದಿನ ಹೀರುವುದಿಲ್ಲ. ಪ್ಲಾಸ್ಟಿಕ್ ಕ್ಯಾನ್ಯುಲಾ 2-3 ದಿನ, ಉಕ್ಕಿನ ಸೂಜಿಯಾದರೆ 2 ದಿನ. ಅದಕ್ಕಿಂತ ಹೆಚ್ಚು ಎಳೆಯಬೇಡಿ.

ಬೆವರಿಗೆ ಕೀಳದಂತೆ ಅಂಟಿಸುವುದು

ಸೆಟ್ (ಕ್ಯಾನ್ಯುಲಾ, ಅದರ ಪ್ಲಾಸ್ಟರ್ ಮತ್ತು ಟ್ಯೂಬ್) ಬದಲಿಸಲು ಬೆಳಗಿನ ಹೊತ್ತು ಒಳ್ಳೆಯದು. ಸ್ನಾನ ಮಾಡಿ, ಮೈ ಪೂರ್ತಿ ಆರಿಸಿಕೊಂಡು, ಫ್ಯಾನಿನ ಕೆಳಗೆ ಕುಳಿತು ಬದಲಿಸಿ. ಅಂಟಿಸುವ ಜಾಗಕ್ಕೆ ಅಂದು ಕೊಬ್ಬರಿ ಎಣ್ಣೆಯೂ ಬೇಡ, ಪೌಡರೂ ಬೇಡ. ಸ್ಪಿರಿಟ್ ಹಚ್ಚಿ ಒರೆಸಿದ ಮೇಲೆ ಅದು ತಾನಾಗಿ ಆರಲಿ, ಊದಬೇಡಿ. ಪ್ಲಾಸ್ಟರ್ ಅಂಟಿಸಿ ಅಂಗೈಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಮೈಬಿಸಿಗೆ ಅಂಟು ಕಚ್ಚುತ್ತದೆ. ಬೇಸಿಗೆಯಲ್ಲಿ ಮೇಲೊಂದು ಗಾಳಿಯಾಡುವ ತೆಳು ಟೇಪ್ ಹಾಕಿದರೆ ಅಂಚು ಏಳುವುದಿಲ್ಲ.

ಬಹಳ ಜನ ಬಿಡುವುದು ಮುಂದಿನ ಹಂತವನ್ನೇ. ಕ್ಯಾನ್ಯುಲಾದಿಂದ ನಾಲ್ಕು ಬೆರಳು ದೂರದಲ್ಲಿ ಟ್ಯೂಬನ್ನು ಒಂದು ಸುತ್ತು ಬಳಸಿ, ಆ ಸುತ್ತಿನ ಮೇಲೆ ಬೇರೆ ಟೇಪ್ ತುಂಡು ಅಂಟಿಸಿ. ಬಾಗಿಲ ಚಿಲಕಕ್ಕೆ ಟ್ಯೂಬ್ ಸಿಕ್ಕಿ ಜಗ್ಗಿದಾಗ ಆ ಟೇಪ್ ಏಟು ತಿನ್ನುತ್ತದೆ, ಕ್ಯಾನ್ಯುಲಾ ಉಳಿಯುತ್ತದೆ. ಎಳೆ ಮಗುವನ್ನು ಎತ್ತಿಕೊಳ್ಳುವ ತಾಯಂದಿರು ಇದನ್ನು ಖಂಡಿತ ಮಾಡಬೇಕು.

ಪಂಪ್ ಎಲ್ಲಿ?

ನಮ್ಮ ಅಜ್ಜಿಯಂದಿರು ಎಲೆ-ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ದುಡಿಯುತ್ತಿದ್ದ ಹಾಗೆಯೇ ಇದೂ. ಮಾರುಕಟ್ಟೆಯ ಬೆಲ್ಟ್‌ಗಳು ಹೆಚ್ಚಾಗಿ ಪ್ಯಾಂಟಿಗೆ ಹೊಂದುವಂಥವು. ಸೀರೆಗೆ ಮನೆಯಲ್ಲೇ ಹೊಲಿದ ಸಂಚಿ ಮೇಲು.

ಹಳೆಯ ಹತ್ತಿ ಬಟ್ಟೆ 30 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ ಕತ್ತರಿಸಿ. ಎರಡೂ ತುದಿಗೆ 2 ಸೆಂ.ಮೀ. ಮಡಿಕೆ ಹೊಲಿದು, ಬಟ್ಟೆಯನ್ನು ಅಡ್ಡಕ್ಕೆ ಅರ್ಧ ಮಡಚಿ, ಎರಡು ಬದಿಗೂ ಒಂದೂವರೆ ಸೆಂ.ಮೀ. ಬಿಟ್ಟು ಹೊಲಿಗೆ ಹಾಕಿ. 9 ಸೆಂ.ಮೀ. ಅಗಲ, 13 ಸೆಂ.ಮೀ. ಆಳದ ಚೀಲವಾಗುತ್ತದೆ. ಟ್ಯೂಬ್ ಇರುವ ಪಂಪ್‌ಗಳು ಸಾಮಾನ್ಯವಾಗಿ 10 ಸೆಂ.ಮೀ. ಆಸುಪಾಸಿನ ಉದ್ದದವು, ಸಲೀಸಾಗಿ ಕೂರುತ್ತವೆ. ಆದರೂ ಕತ್ತರಿಸುವ ಮೊದಲು ನಿಮ್ಮ ಪಂಪನ್ನು ಅಳೆಯಿರಿ. ಬಾಯಿಯ ನಡುವೆ ಮಾತ್ರ ವೆಲ್ಕ್ರೊ ಇರಲಿ, ಮೂಲೆಯಿಂದ ಟ್ಯೂಬ್ ಹೊರಬರುತ್ತದೆ. ಹಿಂಬದಿಗೆ ಎರಡು ಕುಣಿಕೆ ಹೊಲಿದು ಲಂಗದ ಲಾಡಿಯನ್ನು ಅದರೊಳಗೆ ತೂರಿಸಿ. ಪಂಪ್ ಪಕ್ಕೆಗೆ ಬರಲಿ, ನೆರಿಗೆಯ ಕೆಳಗೆ ಬೇಡ. ಅಲ್ಲಿದ್ದರೆ ಪ್ರತಿ ಸಲ ಬಟನ್ ಒತ್ತಲು ಸೀರೆಯನ್ನೇ ಸಡಿಲಿಸಬೇಕಾದೀತು.

ಪ್ಯಾಂಟ್, ಕುರ್ತಾ ಹಾಕುವವರು ಕಿಸೆಯ ಒಳಬದಿಗೆ ದರ್ಜಿಯಿಂದ 2.5 ಸೆಂ.ಮೀ.ನ ಕಾಜ ಹಾಕಿಸಿ, ಟ್ಯೂಬನ್ನು ಒಳಗಿನಿಂದಲೇ ತರಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಸಂಚಿ ಬೆನ್ನ ಕಡೆ ಇದ್ದರೆ ಆಡುವಾಗ ಕೈ ಹಾಕುವುದಿಲ್ಲ. ಟ್ಯೂಬ್ 60 ಸೆಂ.ಮೀ. ಮತ್ತು 110 ಸೆಂ.ಮೀ. ಅಳತೆಯಲ್ಲಿ ಸಿಗುತ್ತದೆ. ಪಂಪ್ ಸೊಂಟದಲ್ಲೇ ಇರುವುದಾದರೆ ಗಿಡ್ಡದ್ದು ಸಾಕು. ರಾತ್ರಿ ಹಾಸಿಗೆಯ ಮೇಲೆ ಬದಿಗಿಟ್ಟು ಮಲಗುವವರಿಗೆ ಉದ್ದದ್ದು ಬೇಕು.

ಒಲೆ ಮುಂದೆ ರೊಟ್ಟಿ ಬಡಿಯಲು ಕೂರುವಾಗ ಪಂಪನ್ನು ಸೊಂಟದ ಹಿಂದಕ್ಕೆ ಸರಿಸಿ. ಒಳಗಿನ ಇನ್ಸುಲಿನ್ 37 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೆ 40 ದಾಟುವುದು ಮಾಮೂಲು. ತೊಗರಿ ಹೊಲದಲ್ಲಿ, ಗಾಡಿ ಮೇಲೆ ಹೋಗುವಾಗ ಪಂಪ್ ಬಟ್ಟೆಯ ಒಳಗೇ ಇರಲಿ. ತೆಗೆದದ್ದನ್ನು ಬೈಕಿನ ಡಿಕ್ಕಿಯಲ್ಲಾಗಲಿ ನಿಂತ ಕಾರಿನಲ್ಲಾಗಲಿ ಇಡಬೇಡಿ. ಬೇಸಿಗೆಯಲ್ಲಿ ಎರಡೇ ದಿನಕ್ಕೆ ಸಾಕಾಗುವಷ್ಟು ಇನ್ಸುಲಿನ್ ತುಂಬಿ: ದಿನಕ್ಕೆ 40 ಯುನಿಟ್ ಬೇಕಾದವರಿಗೆ 80, ಟ್ಯೂಬ್ ತುಂಬಲು 20, ಕೊರತೆ ಬೀಳದಿರಲು ಇನ್ನೊಂದು 20. ಫ್ರಿಜ್‌ನಿಂದ ತೆಗೆದ ತಕ್ಷಣ ತುಂಬಬೇಡಿ, ತಣ್ಣಗಿನ ಇನ್ಸುಲಿನ್ ಬಿಸಿಯಾಗುತ್ತಲೇ ಗಾಳಿಗುಳ್ಳೆ ಏಳುತ್ತವೆ.

ಸ್ನಾನಕ್ಕೆ ಬಿಚ್ಚಿಟ್ಟರೆ ಒಂದು ಗಂಟೆಯೊಳಗೆ ಮತ್ತೆ ಜೋಡಿಸಿ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಕೋಣೆಗೆ ಪಂಪ್ ಒಯ್ಯುವಂತಿಲ್ಲ.

ಸಕ್ಕರೆ ಏರಿದರೆ

ಪಂಪ್‌ನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ದಿನವಿಡೀ ಕೆಲಸ ಮಾಡುವ ಇನ್ನೊಂದು ಬಗೆಯ ಇನ್ಸುಲಿನ್ ಮೈಯಲ್ಲಿರುವುದಿಲ್ಲ. ಹರಿವು ನಿಂತರೆ ಮೂರ್ನಾಲ್ಕು ಗಂಟೆಯಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಕರಗಿಸಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರತೊಡಗುತ್ತದೆ. ಸೆಟ್ ಬದಲಿಸಿದ ಒಂದೆರಡು ಗಂಟೆಗೆ ಸಕ್ಕರೆ ನೋಡಿ. ರಾತ್ರಿ ಮಲಗುವ ಮುನ್ನ ಬದಲಿಸಬೇಡಿ ಎನ್ನುವುದು ಇದಕ್ಕೇ. ಕಾರಣವಿಲ್ಲದೆ ಸಕ್ಕರೆ 250 (mg/dL) ದಾಟಿದರೆ ಕೀಟೋನ್ ಪರೀಕ್ಷಿಸಿ. ಕೀಟೋನ್ ಇದ್ದರೆ ವೈದ್ಯರು ಬರೆದುಕೊಟ್ಟ ಡೋಸನ್ನು ಪೆನ್ ಅಥವಾ ಸಿರಿಂಜ್‌ನಿಂದಲೇ ತೆಗೆದುಕೊಳ್ಳಿ. ಅನುಮಾನವಿರುವ ಅದೇ ಸೆಟ್ ಮೂಲಕ ಕೊಡುವುದು ವ್ಯರ್ಥ. ಆಮೇಲೆ ಹೊಸ ಜಾಗದಲ್ಲಿ ಹೊಸ ಸೆಟ್ ಹಾಕಿ. ವಾಂತಿ, ಜೋರು ಉಸಿರಾಟ ಶುರುವಾದರೆ ಮನೆಯಲ್ಲಿ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಊರಿನ ಎಲ್ಲ ಔಷಧದಂಗಡಿಯಲ್ಲೂ ಈ ಸೆಟ್ ಸಿಗುವುದಿಲ್ಲ. ಕೊನೆಯ ಐದು ಉಳಿದಾಗಲೇ ಮುಂದಿನ ಪೆಟ್ಟಿಗೆಗೆ ಹೇಳಿಬಿಡಿ. ಯಾದಗಿರಿಯಿಂದ ಕಲಬುರಗಿಗೆ ಹೋಗಿಬರುವುದಾದರೂ ಕೈಚೀಲದಲ್ಲಿ ಒಂದು ಸೆಟ್, ಒಂದು ಬ್ಯಾಟರಿ, ಕೀಟೋನ್ ಪಟ್ಟಿ, ಸಕ್ಕರೆ ಪೊಟ್ಟಣ, ತಂಪಾಗಿ ಸುತ್ತಿದ ಇನ್ಸುಲಿನ್ ಪೆನ್ ಇರಲಿ.