ಬಾಣಂತಿಗೆ ಜ್ವರ, ಕೆಮ್ಮು ಬಂದರೆ ಕೂಸಿಗೆ ಹಾಲು ಕೊಡುವುದು ಹೇಗೆ?

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಮನೆಯಲ್ಲಿ ಒಬ್ಬರಿಗಾದರೂ ನೆಗಡಿ ಇದ್ದೇ ಇರುತ್ತದೆ. ಅದು ಬಾಣಂತಿಗೇ ಬಂದರೆ ಹಿರಿಯರು ಮೊದಲು ಹೇಳುವ ಮಾತು, "ಎದೆಹಾಲು ನಿಲ್ಸು, ಕೂಸಿಗೂ ಶೀತ ಆಗ್ತದೆ." ಹೇಳುವುದು ಪ್ರೀತಿಯಿಂದಲೇ. ಆದರೂ ಈ ಮಾತು ಕೇಳಬೇಡಿ. ಫ್ಲೂ, ಕೋವಿಡ್, ಆರ್‌ಎಸ್‌ವಿಯಂಥ ವೈರಸ್‌ಗಳು ಎದೆಹಾಲಿನಿಂದ ಹರಡುವುದಿಲ್ಲ. ಕೆಮ್ಮಿದಾಗ, ಸೀನಿದಾಗ ಹಾರುವ ಹನಿಗಳಿಂದ, ಮೂಗು ಒರೆಸಿಕೊಂಡ ಕೈಯಿಂದ ಹರಡುತ್ತವೆ.

ಇನ್ನೊಂದು ವಿಷಯ. ನಿಮಗೆ ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನವೇ ವೈರಸ್ ನಿಮ್ಮಿಂದ ಹೊರಗೆ ಹೋಗುತ್ತಿರಬಹುದು. ಕೂಸಿಗೆ ಆಗಲೇ ಸೋಕಿರಲೂಬಹುದು. ಆ ವೈರಸ್ ವಿರುದ್ಧ ನಿಮ್ಮ ಮೈ ತಯಾರಿಸುವ ಪ್ರತಿಕಾಯಗಳು ಹಾಲಿನಲ್ಲಿ ಕೂಸಿಗೆ ಸಿಗುತ್ತವೆ. ಹಾಲು ನಿಲ್ಲಿಸಿದರೆ ಆ ರಕ್ಷಣೆಯೂ ಹೋಯಿತು, ಅಲ್ವಾ? 2020ರಲ್ಲಿ ಕೋವಿಡ್ ಭಯ ಜೋರಾಗಿದ್ದಾಗಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಹಾಲು ಕೊಡುತ್ತಲೇ ಇರಿ ಎಂದು.

ಕೊಡುವ ಮುಂಚೆ

ಕೂಸನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಬೆರಳ ಸಂದು, ಉಗುರು, ಹೆಬ್ಬೆರಳು ಎಲ್ಲ ಸೇರಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಮೂಗು, ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿಕೊಳ್ಳಿ. ಒದ್ದೆಯಾದ ಮಾಸ್ಕ್ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ, ಹಾಗಾಗಿ ನಾಲ್ಕೈದು ಮಾಸ್ಕ್ ಜಾಸ್ತಿಯೇ ಇಟ್ಟುಕೊಳ್ಳಿ. ಮಾಸ್ಕ್ ಇಲ್ಲವೆಂದು ಹಾಲು ತಪ್ಪಿಸಬೇಡಿ. ಕೂಸಿಗೆ ಮಾತ್ರ ಯಾವತ್ತೂ ಮಾಸ್ಕ್ ಹಾಕಬೇಡಿ, ಉಸಿರು ಕಟ್ಟುತ್ತದೆ.

ಪ್ರತಿ ಸಲ ಎದೆ ತೊಳೆಯಬೇಕಿಲ್ಲ. ತೆರೆದ ಎದೆಯ ಮೇಲೆ ಕೆಮ್ಮಿದ್ದರೆ ಸೋಪು ನೀರಲ್ಲಿ ತೊಳೆದರೆ ಸಾಕು.

ಹಾಲು ಕುಡಿಸುವುದು ಎಂದಿನಂತೆಯೇ, ದಿನಕ್ಕೆ 8ರಿಂದ 12 ಸಲ. ಕುಡಿದ ಮೇಲೆ ತೊಟ್ಟಿಲನ್ನು ಅದೇ ಕೋಣೆಯಲ್ಲಿ ನಿಮ್ಮಿಂದ ಒಂದಾಳು ದೂರದಲ್ಲಿಡಿ.

ಏಳಲಾರದಷ್ಟು ಸುಸ್ತಾಗಿದ್ದರೆ

ಹಾಲು ಹಿಂಡಿ ಕೊಡಬಹುದು. ಹೆಬ್ಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಮೇಲಂಚಿನಲ್ಲೂ ಉಳಿದ ಬೆರಳನ್ನು ಕೆಳಗೂ ಇಡಿ. ಮೊದಲು ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತಂದು ಅದುಮಿ, ಬಿಡಿ. ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದಿದ್ದರೆ ಗಾಬರಿ ಬೇಡ, ಹನಿಹನಿಯಾಗಿ ಶುರುವಾಗುತ್ತದೆ. ಕುದಿಸಿ ತೊಳೆದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಡಿ. ಕೋಣೆಯಲ್ಲಿ 4 ಗಂಟೆಯೊಳಗೆ ಬಳಸಬೇಕು. ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು. ಆದರೆ ನಮ್ಮೂರುಗಳಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ, ಫ್ರಿಜ್ ನಂಬದಿರುವುದೇ ವಾಸಿ. ಬಾಟಲಿ ಬೇಡ. ಶೀತವಿಲ್ಲದ ಅಜ್ಜಿಯೋ ಅತ್ತೆಯೋ ಒಳಲೆಯಲ್ಲಿ ಕುಡಿಸಲಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಂಡೂ ಹಾಲು ಕೊಡಬಹುದು. ಅಂಗಡಿಯಿಂದ ಸುಮ್ನೆ ಕೆಮ್ಮಿನ ಸಿರಪ್ ತರಬೇಡಿ. ಕೋಡೀನ್ ಇರುವ ಸಿರಪ್ ಕೂಸಿನ ಉಸಿರಾಟವನ್ನೇ ಕುಗ್ಗಿಸಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳು ಹಾಲು ಕಡಿಮೆ ಮಾಡುತ್ತವೆ. ಏನೇ ಔಷಧಿಯಾದರೂ "ಹಾಲೂಡಿಸ್ತಿದೀನಿ" ಎಂದು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಿ.

ನಮ್ಮ ಕಡೆ ಜ್ವರವೆಲ್ಲ ಫ್ಲೂ ಅಲ್ಲ ಎನ್ನುವುದೂ ನೆನಪಿರಲಿ. ಡೆಂಗ್ಯೂ, ಇಲಿಜ್ವರ, ಬೇಸಿಗೆ ಕಡೆಗೆ ಮಂಗನ ಕಾಯಿಲೆ, ಯಾವುದೂ ಇರಬಹುದು. ಕೆಮ್ಮು ನೆಗಡಿಯಿಲ್ಲದೆ ಬರೀ ಜ್ವರ, ಮೈಕೈ ನೋವು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಆಗಬೇಕು.

ಮನೆಯವರಿಗೆ

ಕೂಸು ನೋಡಲು ಬರುವ ನೆಂಟರ ಬಗ್ಗೆ ನನಗೆ ತಾಯಿಯ ನೆಗಡಿಗಿಂತ ಹೆಚ್ಚು ಚಿಂತೆ. ತಾಯಿ ಕೊಡುವ ಪ್ರತಿಕಾಯ ಅವರ ಬಳಿ ಇಲ್ಲ, ಮುತ್ತು ಮಾತ್ರ ಇದೆ. ಕೆಮ್ಮುವವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿ. ಬೇಸರವಾದರೆ ಆಗಲಿ. ಸ್ನಾನದ ನಂತರ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಬಿಡಿ, ಎಳೆಯ ಶ್ವಾಸಕೋಶಕ್ಕೆ ಹೊಗೆ ಒಳ್ಳೆಯದಲ್ಲ. ಶೀತಕ್ಕೆಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದೂ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ಅಪಾಯ.

ಈಗ ಗರ್ಭಿಣಿಯರಾಗಿರುವವರು ಫ್ಲೂ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಆರು ತಿಂಗಳೊಳಗಿನ ಮಕ್ಕಳಿಗೆ ಆ ಲಸಿಕೆ ಕೊಡುವುದಿಲ್ಲ, ತಾಯಿ ಹಾಕಿಸಿಕೊಂಡರೆ ಮಾತ್ರ ಅವಕ್ಕೂ ರಕ್ಷಣೆ.

ಯಾವಾಗ ಓಡಬೇಕು

ಕೂಸು ಅಳದೆ ಮಲಗಿದ್ದಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಮೊಬೈಲ್‌ನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸಿ. ಎಳೆಗೂಸಿನ ಉಸಿರು ಒಂದೇ ಸಮನಾಗಿರುವುದಿಲ್ಲ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ ಬಂದರೆ ಇನ್ನೊಮ್ಮೆ ಎಣಿಸಿ. ಮತ್ತೆ ಅಷ್ಟೇ ಬಂದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ಚೀಪದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಮೈ 37.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಥವಾ ತಣ್ಣಗಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, 108ಕ್ಕೆ ಕರೆ ಮಾಡಿ. ಹೊಸನಗರದ ಒಳಹಳ್ಳಿಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರವೇನಲ್ಲ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಿ. ದಾರಿಯಲ್ಲಿ ಕೂಸಿಗೆ ಟೋಪಿ ಹಾಕಿ, ಬರಿಮೈಯನ್ನು ತಾಯಿಯ ಎದೆಗೆ ತಾಗಿಸಿ, ಮೇಲೆ ಶಾಲು ಸುತ್ತಿ. ಮೂಗು, ಬಾಯಿಗೆ ಗಾಳಿಯಾಡುತ್ತಿರಲಿ. ಚೀಪಲು ಶಕ್ತಿಯಿದ್ದರೆ ಹಾಲು ಕೊಡಿ, ಏದುಸಿರು ಬಿಡುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.