ನೆನಪು ಬಂತೋ, ಈಜು ಬಂತೋ: ಒಂದು ಪೇಟೆಂಟ್ ಬರೆದ ನನ್ನ ಅನುಭವ

"ನಿಮ್ಮ ಇಲಿಗೆ ನೆನಪು ಬಂತೋ, ಈಜು ಬಂತೋ?"

ಮೊದಲ ಭೇಟಿಯಲ್ಲೇ ಪೇಟೆಂಟ್ ವಕೀಲರು ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಹಳ ವರ್ಷಗಳಿಂದ ನೆನಪಿನ ಕಾಯಿಲೆಗಳ ಮೇಲೆ ಕೆಲಸ ಮಾಡುತ್ತಿರುವವಳು. ಆಲ್ಝೈಮರ್ ಲಕ್ಷಣಗಳು ಕಾಣಿಸಿಕೊಳ್ಳುವಂತೆ ವಂಶವಾಹಿ ಬದಲಿಸಿದ ಇಲಿಗಳಿಗೆ ನಮ್ಮ ಲ್ಯಾಬಿನಲ್ಲಿ ತಯಾರಿಸಿದ ಒಂದು ಸಂಯುಕ್ತವನ್ನು ಕೊಟ್ಟಿದ್ದೆವು. ಔಷಧಿ ತೆಗೆದುಕೊಂಡ ಇಲಿಗಳು ನೀರಿನಲ್ಲಿ ಅಡಗಿದ ಹಲಗೆಯನ್ನು ಉಳಿದವಕ್ಕಿಂತ ಬೇಗ ಹುಡುಕುತ್ತಿದ್ದವು. ನೆನಪು ಮರಳಿದೆ ಎಂದು ನಾವೆಲ್ಲ ಸಂಭ್ರಮಪಟ್ಟಿದ್ದೆವು. ಬೇಗ ಈಜುವ ಇಲಿ ಹಲಗೆಯನ್ನೂ ಬೇಗ ಮುಟ್ಟುತ್ತದೆ ಎಂಬ ಸರಳ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಈ ಪರೀಕ್ಷೆಗೆ ಮಾರಿಸ್ ವಾಟರ್ ಮೇಜ್ ಎಂದು ಹೆಸರು. ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ್ದು. ದೊಡ್ಡದೊಂದು ದುಂಡು ತೊಟ್ಟಿ, ಬಿಳಿ ಬಣ್ಣ ಬೆರೆಸಿ ಮಬ್ಬು ಮಾಡಿದ ನೀರು, ಮೇಲ್ಮೈಗಿಂತ ಒಂದು ಸೆಂಟಿಮೀಟರ್‌ನಷ್ಟು ಕೆಳಗೆ ಕಣ್ಣಿಗೆ ಕಾಣದ ಪುಟ್ಟ ಹಲಗೆ. ಮೊದಲ ದಿನ ಇಲಿ ತೊಟ್ಟಿಯ ಅಂಚು ಹಿಡಿದು ಸುತ್ತುತ್ತಲೇ ಇರುತ್ತದೆ. ಕೆಲವು ದಿನ ಕಳೆದರೆ ಆರೋಗ್ಯವಂತ ಇಲಿ ಗೋಡೆಗೆ ಅಂಟಿಸಿದ ಗುರುತುಗಳನ್ನು ನೋಡಿಕೊಂಡು ನೇರವಾಗಿ ಹಲಗೆಯತ್ತ ಹೋಗುತ್ತದೆ. ಈ ಜಾಗದ ನೆನಪನ್ನು ಕಟ್ಟುವುದು ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ. ಆಲ್ಝೈಮರ್‌ನಲ್ಲಿ ಬಹಳ ಬೇಗ ಹಾಳಾಗುವ ಭಾಗಗಳಲ್ಲಿ ಅದೂ ಒಂದು.

ವಕೀಲರ ಪ್ರಶ್ನೆ ಹೊತ್ತು ವಾಪಸ್ ಬಂದು ಪ್ರಯೋಗವನ್ನು ಮೊದಲಿಂದ ಮಾಡಿದೆವು. ಈಜಿನ ವೇಗ ಅಳೆದೆವು, ಕ್ರಮಿಸಿದ ದೂರ ಅಳೆದೆವು. ಕಣ್ಣಿನ ದೋಷ ಇಲ್ಲವೆಂದು ಖಚಿತವಾಗಲು ಹಲಗೆಯ ಮೇಲೆ ಬಾವುಟ ನೆಟ್ಟು ನೋಡಿದೆವು. ಕೊನೆಗೆ ಹಲಗೆಯನ್ನೇ ತೆಗೆದುಬಿಟ್ಟು 60 ಸೆಕೆಂಡ್ ಈಜಲು ಬಿಟ್ಟೆವು. ತೊಟ್ಟಿಯನ್ನು ನಾಲ್ಕು ಭಾಗ ಮಾಡಿದರೆ, ಏನೂ ನೆನಪಿಲ್ಲದ ಇಲಿ ಒಂದೊಂದು ಭಾಗದಲ್ಲಿ ಸುಮಾರು 15 ಸೆಕೆಂಡ್ ಕಳೆಯಬೇಕು. ಆ ವಿಡಿಯೊ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಇಲಿ ನೇರ ಹೋಯಿತು, ಹಲಗೆ ಇದ್ದ ಜಾಗದಲ್ಲಿ ಗಕ್ಕನೆ ತಿರುಗಿತು, ಒಂದು ಸುತ್ತು ಹಾಕಿತು, ಸ್ವಲ್ಪ ದೂರ ಹೋಗಿ ಮತ್ತೆ ಅಲ್ಲಿಗೇ ಬಂತು. ಅದು ಈಜಲ್ಲ, ನೆನಪೇ. ಆದರೆ ಎಲ್ಲ ಡೋಸಿನಲ್ಲೂ ಹೀಗಾಗಲಿಲ್ಲ. ಕಡಿಮೆ ಡೋಸಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಕೊಟ್ಟರೆ ಇಲಿಗಳು ಮಂಕಾಗುತ್ತಿದ್ದವು. ನಡುವಿನ ಒಂದು ಕಿರಿದಾದ ಮಿತಿಯಲ್ಲಿ ಮಾತ್ರ ಅದು ಕೆಲಸ ಮಾಡಿತು.

ನಾನು ಪೇಟೆಂಟ್ ಬಯಸಿದ್ದು ಇದೊಂದಕ್ಕೇ ಅಲ್ಲ. ನಮ್ಮ ಇನ್ನೊಂದು ಕೆಲಸದಲ್ಲಿ ರಕ್ತದ ಒಂದು ಪ್ರೋಟೀನ್ ಏರಿದಂತೆ ನೆನಪಿನ ಶಕ್ತಿ ಇಳಿಯುವುದು ಕಂಡಿತ್ತು, ನನಗೆ ಅದರ ಮೇಲೇ ಹೆಚ್ಚು ಪ್ರೀತಿ. ವಕೀಲರು ಅದನ್ನು ಪಕ್ಕಕ್ಕಿಟ್ಟರು. ದೇಹದಲ್ಲಿ ತಾನಾಗಿ ಇರುವ ಸಂಬಂಧವನ್ನು ಗಮನಿಸಿದ ಮಾತ್ರಕ್ಕೆ ಪೇಟೆಂಟ್ ಸಿಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಮೇಯೊ ಪ್ರಕರಣದಲ್ಲಿ ಹೇಳಿತು. ದೇಹದಿಂದ ಬೇರ್ಪಡಿಸಿದ ಸಹಜ ಡಿಎನ್ಎಗೂ ಸಿಗದು ಎಂದು 2013ರಲ್ಲಿ ಮಿರಿಯಡ್ ಪ್ರಕರಣದಲ್ಲಿ ಹೇಳಿತು. ಕಂಡುಹಿಡಿದದ್ದು ಒಂದು, ಅದರಿಂದ ಕಟ್ಟಿದ್ದು ಇನ್ನೊಂದು. ನನಗೆ ಇದನ್ನು ಮನದಟ್ಟು ಮಾಡಿಸಿದ್ದು ಲೆಕಾನೆಮ್ಯಾಬ್ ಎಂಬ ಆಲ್ಝೈಮರ್ ಔಷಧಿಯ ಕಥೆ. ಸ್ವೀಡನ್ನಿನ ಲಾರ್ಸ್ ಲನ್‌ಫೆಲ್ಟ್ ತಂಡ ಆಲ್ಝೈಮರ್ ಇದ್ದ ಒಂದು ಕುಟುಂಬದಲ್ಲಿ 'ಆರ್ಕ್ಟಿಕ್' ಎಂಬ ವಂಶವಾಹಿ ಬದಲಾವಣೆಯನ್ನು ಗುರುತಿಸಿ 2001ರಲ್ಲಿ ಪ್ರಕಟಿಸಿತು. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ಗಟ್ಟಿ ಗಡ್ಡೆಯಾಗುವ ಮುಂಚಿನ ಎಳೆಯ ರೂಪ, ಪ್ರೋಟೋಫೈಬ್ರಿಲ್, ಈ ಬದಲಾವಣೆಯಿಂದ ಹೆಚ್ಚಾಗುತ್ತಿತ್ತು. ಔಷಧಿಯಾದದ್ದು ಆ ಬದಲಾವಣೆಯಲ್ಲ, ಆ ಎಳೆಯ ರೂಪವನ್ನು ಹಿಡಿಯಲು ಕಟ್ಟಿದ ಪ್ರತಿಕಾಯ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. 1795 ಜನರ ಮೇಲೆ 18 ತಿಂಗಳು ನಡೆದ ಪರೀಕ್ಷೆಯಲ್ಲಿ ಕಾಯಿಲೆಯ ಇಳಿಜಾರು 27%ರಷ್ಟು ನಿಧಾನವಾಯಿತು, ನಿಲ್ಲಲಿಲ್ಲ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವವೂ ಆಯಿತು.

ಅರ್ಜಿ ಬರೆಯಲು ಕೂತಾಗ ಮೇಜಿನ ಮೇಲೆ ಇಟ್ಟುಕೊಂಡಿದ್ದು ಗ್ಯಾಲಂಟಮೈನ್ ಎಂಬ ಔಷಧಿಯ ಪ್ರಕರಣದ ತೀರ್ಪು. ಈ ಕ್ಷೇತ್ರದಲ್ಲಿ ಪೇಟೆಂಟ್ ಬರೆಯುವ ಎಲ್ಲರೂ ಅದನ್ನು ಓದಲೇಬೇಕು. ಆ ಔಷಧಿಯಿಂದ ಆಲ್ಝೈಮರ್‌ಗೆ ಚಿಕಿತ್ಸೆ ಎಂದು ಬಾನೀ ಡೇವಿಸ್ 1986ರಲ್ಲಿ ಅರ್ಜಿ ಹಾಕಿದರು. ವಿವರಣೆ ಇದ್ದದ್ದು ಒಂದು ಪುಟಕ್ಕಿಂತ ತುಸು ಹೆಚ್ಚು, ಅದರಲ್ಲಿ ಹಳೆಯ ಕೆಲವು ಲೇಖನಗಳ ಸಾರ. ಪ್ರಾಣಿಗಳ ಮೇಲಿನ ಪ್ರಯೋಗ ಇನ್ನೂ ನಡೆಯುತ್ತಿತ್ತು. 1987ರಲ್ಲಿ ಪೇಟೆಂಟ್ ಸಿಕ್ಕಿತು, ಪ್ರಯೋಗದ ಫಲಿತಾಂಶ ಬಂದದ್ದು ಆಮೇಲೆ. ಅವರ ಊಹೆ ನಿಜವಾಯಿತು, 2001ರಲ್ಲಿ ಅಮೆರಿಕದಲ್ಲಿ ಅದು ಔಷಧಿಯೂ ಆಯಿತು. ಆದರೂ 2009ರಲ್ಲಿ ನ್ಯಾಯಾಲಯ ಪೇಟೆಂಟ್ ಊರ್ಜಿತವಲ್ಲ ಎಂದಿತು. ಅರ್ಜಿ ಹಾಕಿದ ದಿನ ಕೈಯಲ್ಲಿ ಇದ್ದದ್ದು ಊಹೆ ಮಾತ್ರ ಎಂಬುದು ಕಾರಣ. ಇದು ನನಗೆ ತುಂಬಾ ನೋವಿನ ಕಥೆ. ಸರಿಯಾಗಿ ಯೋಚಿಸಿದವರಿಗೇ ಹೀಗಾದದ್ದು.

ನಾವು ಎಡವುವುದರಲ್ಲಿದ್ದದ್ದು ಮಾತ್ರ ಬೇರೆ ಕಡೆ. ನನ್ನ ವಿದ್ಯಾರ್ಥಿನಿ ಒಂದು ಸಮ್ಮೇಳನಕ್ಕೆ ಪೋಸ್ಟರಿನ ಸಾರಾಂಶ ಕಳಿಸಿದ್ದಳು, ಅದರಲ್ಲಿ ಸಂಯುಕ್ತದ ರಚನೆಯ ಚಿತ್ರವೂ ಇತ್ತು. ಅರ್ಜಿ ಇನ್ನೂ ಹೋಗಿರಲಿಲ್ಲ. ಯೂರೋಪಿನಲ್ಲಿ ಅರ್ಜಿಗೆ ಮುಂಚೆ ಜನರ ಕಣ್ಣಿಗೆ ಬಿದ್ದರೆ ಹೊಸತನ ಹೋಯಿತು ಎಂದೇ ಲೆಕ್ಕ. ಅಮೆರಿಕದಲ್ಲಾದರೆ ಒಂದು ವರ್ಷದ ವಿನಾಯಿತಿ ಉಂಟು. ತಪ್ಪು ಅವಳದಲ್ಲ, ನಾನು ಮೊದಲೇ ಹೇಳಬೇಕಿತ್ತು. ಸಾರಾಂಶದ ಪುಸ್ತಕ ಹೊರಬೀಳುವ ಮೂರು ದಿನ ಮುಂಚೆ, ರಾತ್ರಿಯೆಲ್ಲ ಕೂತು ಅರ್ಜಿ ಮುಗಿಸಿ ಕಳಿಸಿದೆವು.

ಆ ಅವಸರದಲ್ಲೂ ಒಂದು ವಿಷಯದಲ್ಲಿ ಜಾಗ್ರತೆ ವಹಿಸಿದೆ. ಸಂಯುಕ್ತ ಹೇಗೆ ಕೆಲಸ ಮಾಡುತ್ತದೆ ಎಂಬ ನಮ್ಮ ವಿವರಣೆಯನ್ನು ಕ್ಲೇಮಿನೊಳಗೆ, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಎಂದು ಹೇಳುವ ವಾಕ್ಯಗಳೊಳಗೆ, ತರಲಿಲ್ಲ. ಪಿಕೆಎಂ ಝೀಟಾ ಎಂಬ ಕಿಣ್ವವೇ ನೆನಪನ್ನು ಹಿಡಿದಿಡುತ್ತದೆ ಎಂದು 2006ರಲ್ಲಿ ನಮಗೆಲ್ಲ ಅನಿಸಿತ್ತು. ಅದನ್ನು ತಡೆಯಲು ಬಳಸುವ ಝಿಪ್ ಎಂಬ ಪೆಪ್ಟೈಡನ್ನು (ಪ್ರೋಟೀನಿನಂಥ ಪುಟ್ಟ ಅಣು) ಇಲಿಯ ಹಿಪ್ಪೊಕ್ಯಾಂಪಸ್‌ಗೆ ಚುಚ್ಚಿದರೆ ತಿಂಗಳ ಹಳೆಯ ನೆನಪೂ ಅಳಿಸಿಹೋಗುತ್ತಿತ್ತು. 2013ರಲ್ಲಿ ಎರಡು ತಂಡಗಳು ಆ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದವು. ಅವುಗಳ ನೆನಪು ಸರಿಯಾಗಿಯೇ ಇತ್ತು, ಝಿಪ್ ಅವುಗಳ ಮೇಲೂ ಕೆಲಸ ಮಾಡುತ್ತಿತ್ತು. ಆ ಜಾಗವನ್ನು ಇನ್ನೊಂದು ಕಿಣ್ವ ತುಂಬುತ್ತದೆ ಎಂಬ ವಾದ ಆಮೇಲೆ ಬಂತು. ವಿವರಣೆ ನಾಳೆ ಬದಲಾಗಬಹುದು. ಯಾವ ವಸ್ತು, ಎಷ್ಟು ಡೋಸ್, ಎಷ್ಟು ದಿನ ಕೊಟ್ಟರೆ ಏನಾಯಿತು ಎಂಬುದು ಬದಲಾಗುವುದಿಲ್ಲ.

ಪೇಟೆಂಟ್ ಕಚೇರಿಯ ಪರೀಕ್ಷಕರು ಮೊದಲ ಪತ್ರದಲ್ಲಿ ಬಹುತೇಕ ಎಲ್ಲ ಕ್ಲೇಮುಗಳನ್ನೂ ತಿರಸ್ಕರಿಸಿದ್ದರು. ಆಸೆಯಿಂದ ಪಾರ್ಕಿನ್ಸನ್, ಪಾರ್ಶ್ವವಾಯು, ವಯಸ್ಸಿನ ಮರೆವು ಎಲ್ಲವನ್ನೂ ಸೇರಿಸಿದ್ದೆ. ಒಂದೊಂದಾಗಿ ಕೈಬಿಟ್ಟೆವು. ಉಳಿದದ್ದು ಒಂದೇ ಒಂದು ಉದ್ದ ವಾಕ್ಯ. ಅದರಲ್ಲಿರುವ ಡೋಸಿನ ಮಿತಿ ಆ ವಿದ್ಯಾರ್ಥಿನಿಯ ಲ್ಯಾಬ್ ಪುಸ್ತಕದಿಂದ ಬಂದದ್ದು. ಆ ನಡುವಿನ ಡೋಸನ್ನು ಪ್ರಯತ್ನಿಸೋಣ ಎಂದು ತಾರೀಕು ಹಾಕಿ ಬರೆದಿದ್ದವಳು ಅವಳೇ. ಹಾಗಾಗಿ ಆವಿಷ್ಕಾರಕರ ಪಟ್ಟಿಯಲ್ಲಿ ಅವಳ ಹೆಸರೂ ಇದೆ. ಅಳತೆಗೆ ನೆರವಾದ ಇಬ್ಬರು ಗೆಳೆಯರ ಹೆಸರು ಇಲ್ಲ. ಪ್ರಬಂಧದಲ್ಲಿ ಹೆಸರು ಸೇರಿಸಿದ ಹಾಗಲ್ಲ ಇದು, ಕಲ್ಪನೆ ಯಾರದ್ದೋ ಅವರ ಹೆಸರು ಮಾತ್ರ. ಅದನ್ನು ಅವರಿಗೆ ವಿವರಿಸುವಾಗ ಕಷ್ಟವಾಯಿತು.

ಪೇಟೆಂಟ್ ಸಿಕ್ಕ ಸುದ್ದಿ ಹೊರಗೆ ಬಂದ ವಾರ ಒಬ್ಬ ಮಹಿಳೆ ಫೋನ್ ಮಾಡಿದರು. "ಮೇಡಂ, ಈ ಔಷಧಿ ಎಲ್ಲಿ ಸಿಗುತ್ತೆ? ಅಮ್ಮನಿಗೆ ನಾನು ಯಾರು ಅಂತ ಗೊತ್ತಾಗ್ತಿಲ್ಲ." ಪೇಟೆಂಟ್ ಎಂದರೆ ಔಷಧಿಯಲ್ಲ, ಅರ್ಜಿ ಹಾಕಿದ ದಿನದಿಂದ 20 ವರ್ಷದವರೆಗೆ ಬೇರೆಯವರು ಇದನ್ನು ಮಾಡದಂತೆ ತಡೆಯುವ ಹಕ್ಕು ಮಾತ್ರ, ಮನುಷ್ಯರಿಗೆ ಇದನ್ನು ಇನ್ನೂ ಒಮ್ಮೆಯೂ ಕೊಟ್ಟಿಲ್ಲ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಾನೇ ಕೇಳಿದೆ, ಮರೆವು ಯಾವಾಗಿಂದ, ನರರೋಗ ತಜ್ಞರಿಗೆ ತೋರಿಸಿದ್ದೀರಾ, ಥೈರಾಯ್ಡ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಆಗಿದೆಯಾ ಎಂದು. ಮರೆವೆಲ್ಲ ಆಲ್ಝೈಮರ್ ಅಲ್ಲ, ಇವುಗಳ ಕೊರತೆಯಿಂದಲೂ ಬರಬಹುದು, ಕೆಲವು ಮಾತ್ರೆಗಳಿಂದಲೂ ಬರಬಹುದು, ಅಂಥದ್ದನ್ನು ಸರಿಪಡಿಸಲು ಆಗುತ್ತದೆ. ಯಾವ ಪರೀಕ್ಷೆಯೂ ಆಗಿರಲಿಲ್ಲ. ಒಂದೊಂದನ್ನೇ ನಿಧಾನವಾಗಿ ಹೇಳಿದೆ, ಅವರು ಬರೆದುಕೊಂಡರು.